ಹನ್ನೊಂದನೆಯ ಪುಟದ ಖಾಲಿ ಜಾಗ

ಹನ್ನೊಂದನೆಯ ಪುಟದಲ್ಲಿ ಒಂದು ಖಾಲಿ ಜಾಗವಿತ್ತು. ಮೂರು ವಾರಗಳಿಂದ ಹಾಗೆಯೇ ಇತ್ತು. ತೀರ್ಪಿನ ಕರಡು ತಿದ್ದಿ ವಾಪಸು ಕಳಿಸುವಾಗಲೆಲ್ಲ ಜಗನ್ನಾಥ ಅದರ ಪಕ್ಕ ಪೆನ್ಸಿಲಿನಲ್ಲಿ ಗೀಟು ಎಳೆದು, ಇಲ್ಲಿ ನಿಮಿಷ, ಸೆಕೆಂಡು ತುಂಬಬೇಕು ಎಂದು ಸೂಚಿಸುತ್ತಿದ್ದ. ಲಾಸ್ಯಾ ಉಳಿದ ನಲವತ್ತು ತಿದ್ದುಪಡಿಗಳನ್ನು ಚಾಚೂ ತಪ್ಪದೆ ಮಾಡಿ ಅದೊಂದನ್ನು ಮಾತ್ರ ಮುಟ್ಟದೆ ಕಳಿಸುತ್ತಿದ್ದಳು. ಅವಳು ಅವನ ಲಾ ಕ್ಲರ್ಕು. ಅಮೆರಿಕದ ಮಿಲ್ಪಿಟಾಸಿನಲ್ಲಿ ಹುಟ್ಟಿ ಬೆಳೆದವಳು, ಬೆಂಗಳೂರಿನವರ ಮಗಳು. ಕಾನೂನು ಓದು ಮುಗಿಸಿ ಒಂದು ವರ್ಷದ ಮಟ್ಟಿಗೆ ಅವನ ಕೈಕೆಳಗೆ ಕೆಲಸ ಮಾಡಲು ಬಂದವಳು. ಒಂದು ಅಲ್ಪವಿರಾಮ ಜಾರಿದರೂ ಊಟ ಬಿಡುವ ಜಾತಿ. ಅಂಥವಳು ಇದನ್ನು ಮರೆಯುತ್ತಾಳೆಂದರೆ ನಂಬುವುದು ಹೇಗೆ? ಶನಿವಾರ ಬೆಳಿಗ್ಗೆ ಲಾಸ್ ಆಲ್ಟೋಸಿನ ಮನೆಯ ಓದುವ ಕೋಣೆಯಲ್ಲಿ ಕೂತು ಆ ಬಿಳಿ ಜಾಗವನ್ನು ನೋಡುತ್ತ ಜಗನ್ನಾಥ, ತನಗೆ ವಯಸ್ಸಾಯಿತೆಂದು ಹುಡುಗಿ ಸದರ ತೆಗೆದುಕೊಂಡಿದ್ದಾಳೆ ಅಂದುಕೊಂಡ. ಅಂದುಕೊಂಡ ಮರುಗಳಿಗೆ ನಾಚಿಕೆಯಾಯಿತು. ಎಪ್ಪತ್ತೆರಡು ವರ್ಷದವನು, ಸಾಯುವ ತನಕ ಯಾರೂ ಇಳಿಸಲಾಗದ ಫೆಡರಲ್ ಮೇಲ್ಮನವಿ ಕೋರ್ಟಿನ ನ್ಯಾಯಾಧೀಶ, ಇಪ್ಪತ್ತಾರರ ಹುಡುಗಿಯ ಮೇಲೆ ಮುನಿಸಿಕೊಂಡು ಕೂರುವುದೇ? ಹನ್ನೆರಡು ಗಂಟೆಗೆ ಮನೆಗೇ ಬಾ, ಎದುರು ಕೂತು ಮುಗಿಸೋಣ ಎಂದು ಅವಳಿಗೆ ಹೇಳಿದ್ದ. ಸೋಮವಾರ ಕರಡು ಉಳಿದ ಇಬ್ಬರು ನ್ಯಾಯಾಧೀಶರ ಕೈಗೆ ಹೋಗಬೇಕಿತ್ತು.

ಆ ಜಾಗದಲ್ಲಿ ಬರಬೇಕಾದದ್ದು ಇಷ್ಟೇ: ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ವಾದದ ವಿಡಿಯೊ ದಾಖಲೆಯ ಯಾವ ನಿಮಿಷದಲ್ಲಿ ಸರಕಾರಿ ವಕೀಲ ತನ್ನ ಕೇಸಿನ ಕುತ್ತಿಗೆಯನ್ನು ತಾನೇ ಕೊಯ್ದುಕೊಂಡ ಎಂಬುದು. ಕೇಸು ಎರಾಸ್ಮೋ ಎಂಬ ಒಬ್ಬನದು. ಗಿಲ್‌ರಾಯ್‌ನ ಬೆಳ್ಳುಳ್ಳಿ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಬೆಳ್ಳುಳ್ಳಿಯ ಬೇರು ಕತ್ತರಿಸಿದವನು. ವಲಸೆ ಕೋರ್ಟಿನಲ್ಲಿ ಅವನ ವಿಚಾರಣೆಯ ದಿನ ಬೆಳಿಗ್ಗೆ ಏಳಕ್ಕೇ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದ. ಹೆಸರು ಕೂಗಿದರು, ಯಾರೂ ಬರಲಿಲ್ಲ, ಗೈರುಹಾಜರೆಂದು ಬರೆದು ಗಡೀಪಾರಿನ ಆದೇಶ ಕೊಟ್ಟರು. ಅವನು ಮಧ್ಯಾಹ್ನದವರೆಗೂ ಅದೇ ಬೆಂಚಿನಲ್ಲಿ ಕಾದು ಕೂತು, ಕೊನೆಗೆ ಕಸ ಗುಡಿಸುವವಳ ಹತ್ತಿರ ನನ್ನನ್ನು ಯಾವಾಗ ಕರೆಯುತ್ತಾರೆ ಎಂದು ಕೇಳಿದನಂತೆ. ಮೂರು ಸಲ ಕೂಗಿದ್ದೇವೆ ಎಂದು ಸರಕಾರ. ಕೇಳಿಸಲೇ ಇಲ್ಲ ಎಂದು ಎರಾಸ್ಮೋ. ಐನೂರು ಪುಟಗಳ ಕಡತವನ್ನು ಓದಿ ಮುಗಿಸಿದ ಮೇಲೆ ಜಗನ್ನಾಥನಿಗೆ ಉಳಿದದ್ದು ಒಂದೇ ಪ್ರಶ್ನೆ. ಕೂಗಿದವನು ನಿಂತಿದ್ದೆಲ್ಲಿ? ಅದನ್ನು ಅವನು ಪೀಠದಿಂದ ಕೇಳಿದ್ದ. ವಕೀಲ ತಬ್ಬಿಬ್ಬಾಗಿ, ಬಾಗಿಲ ಒಳಗೇ ನಿಂತು ಎಂದು ಒಪ್ಪಿಕೊಂಡಿದ್ದ. ಸೂಜಿ ಬಿದ್ದರೆ ಕೇಳಿಸುವ ಮೌನ. ಇಪ್ಪತ್ತೆಂಟು ವರ್ಷದ ನ್ಯಾಯಾಧೀಶಗಿರಿಯಲ್ಲಿ ಅಂಥ ಮೌನವನ್ನು ಅವನು ಕಂಡದ್ದು ಎರಡೋ ಮೂರೋ ಸಲ. ವಾದ ಮುಗಿದು ಮೂವರೂ ಹಿಂದಿನ ಕೋಣೆಗೆ ಹೋಗಿ ಕೂತಾಗ, ಸರಕಾರವೇ ಒಪ್ಪಿಕೊಂಡ ಮೇಲೆ ನಮಗೇನು ಕೆಲಸ ಎಂದು ಅವನೆಂದಿದ್ದಕ್ಕೆ, ಅಧ್ಯಕ್ಷತೆ ವಹಿಸಿದ್ದ ಜಡ್ಜ್ ವಿನ್‌ಸ್ಲೋ ಮೇಜಿನ ಮೇಲಿನ ಕಾಗದ ಜೋಡಿಸುತ್ತ, ಹೌದು ಜಗನ್, ತೀರ್ಪು ನೀವೇ ಬರೆಯಿರಿ ಎಂದಿದ್ದಳು. ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಅದು ಗೌರವ ಎಂದು ಅವನು ತಿಳಿದಿದ್ದ. ಲಿಫ್ಟಿನಲ್ಲಿ ಇಳಿಯುವಾಗ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಇನ್ನೂ ಹತ್ತು ವರ್ಷ ತೊಂದರೆಯಿಲ್ಲ ಎಂದುಕೊಂಡಿದ್ದ.

ಹತ್ತು ಗಂಟೆಗೆ ಶಿವಪ್ರಸಾದ ಬಂದ. ಮಿಲ್ಪಿಟಾಸಿನ ಕನ್ನಡ ಬಳಗದ ಈ ವರ್ಷದ ಅಧ್ಯಕ್ಷ, ಬೆಂಗಳೂರಿನವನು, ಯಾವುದೋ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಜೊತೆಗೆ ಒಂದು ಸೇಬಿನ ಬುಟ್ಟಿ. ಜಗನ್ನಾಥನ ಹೆಂಡತಿ ಆಶಾಲತಾ ಕಾಫಿ, ಚಕ್ಕುಲಿ ತಂದಿಟ್ಟಳು. ಮೂವತ್ತು ವರ್ಷ ಮಕ್ಕಳ ಡಾಕ್ಟರಾಗಿ ದುಡಿದು ನಿವೃತ್ತಳಾದವಳು, ಮೈಸೂರಿನವಳು, ಯಾರೇ ಬಂದರೂ ಮೊದಲು ನಾಡಿ ನೋಡುವವಳಂತೆ ಒಮ್ಮೆ ಮುಖ ನೋಡಿ ಆಮೇಲೆ ಮಾತಾಡುವವಳು. ಶಿವಪ್ರಸಾದ ಸೋಫಾದ ತುದಿಯಲ್ಲಿ ಕೂತು ಕೈ ಉಜ್ಜಿಕೊಂಡ. ರಾಜ್ಯೋತ್ಸವಕ್ಕೆ ಈ ಸಲ ಊರಿಂದ ಯಾರನ್ನೂ ಕರೆಸುತ್ತಿಲ್ಲವಂತೆ; ಪೇಟ, ಶಾಲು, ಎಲ್ಲ ಇಲ್ಲಿನವರಿಗೇ ಅಂತೆ; ಕಮಿಟಿಯಲ್ಲಿ ಒಂದೇ ಒಂದು ಹೆಸರು ಬಂತಂತೆ. ಜಗನ್ನಾಥ ಇಂಥದ್ದಕ್ಕೆಲ್ಲ ಒಲ್ಲೆ ಅನ್ನುವವನು. ನಾಳೆ ಯಾವ ಕೇಸಿನಲ್ಲಿ ಯಾರು ಎದುರಿಗೆ ಬರುತ್ತಾರೋ ಎಂದು ಮದುವೆ ಮುಂಜಿಗೆ ಕೂಡ ಅಳೆದೂ ಸುರಿದೂ ಹೋಗುವವನು. ಆದರೆ ಹೊಗಳಿಕೆ ಎದುರಿಗೆ ಬಂದು ಕೂತಾಗ ಎದ್ದು ಹೋಗು ಅನ್ನುವುದು ಯಾರಿಗೆ ಸುಲಭ? ನಾನು ಅಂಥದ್ದೇನು ಮಾಡಿದ್ದೇನೆ ಎಂದು ಕೇಳಿದ. ಕೇಳುವಾಗ ಮುಖದ ಮೇಲೆ ಒಂದು ವಿನಯದ ನಗೆ ಬಂದು ಕೂತದ್ದು ಅವನಿಗೇ ಗೊತ್ತಾಯಿತು.

"ಏನ್ ಸಾರ್ ಹೀಗಂತೀರಾ. ನೀವು ಮಾಡಿರೋದು ಇಲ್ಲಿ ಯಾವ ಕನ್ನಡಿಗನೂ ಮಾಡಿಲ್ಲ. ನಮ್ ಗ್ರೂಪಲ್ಲಿ ಎಲ್ರಿಗೂ ಫಾರ್ವರ್ಡ್ ಆಗಿದೆ. ನಮ್ಮನೆಯವಳು ನೋಡಿ ಅತ್ತೇಬಿಟ್ಳು" ಎಂದು ಶಿವಪ್ರಸಾದ ಫೋನನ್ನು ಕಾಫಿ ಲೋಟಕ್ಕೆ ಆನಿಸಿ ನಿಲ್ಲಿಸಿದ.

ಮೊದಲು ಡೊಳ್ಳಿನ ಸದ್ದು. ಹಳದಿ ಕೆಂಪು ಅಕ್ಷರಗಳಲ್ಲಿ ಅಮೆರಿಕದ ಕೋರ್ಟಿನಲ್ಲಿ ಕನ್ನಡದ ಗುಡುಗು ಎಂದು ಏನೋ ಬಂದು ಹೋಯಿತು. ಆಮೇಲೆ ಆ ಕೋರ್ಟು, ಆ ಮರದ ಪೀಠ, ಕಪ್ಪು ನಿಲುವಂಗಿಯ ಮೂವರು, ಎಡಗಡೆಯವನು ತಾನು. ಕನ್ನಡಕ ಮೂಗಿನ ತುದಿಗೆ ಬಂದಿದೆ. ಕೆಳಗೆ ಆ ಸರಕಾರಿ ವಕೀಲ. ಪರದೆಯಲ್ಲಿದ್ದ ಜಗನ್ನಾಥ ಮುಂದಕ್ಕೆ ಬಾಗಿ, ಬೆರಳು ಎತ್ತಿ, ಕೇಳಿದ:

"ಹೊರಗೆ ಹೋಗಿ ಕೂಗಿದ್ಯೇನೋ, ಇಲ್ಲಾ ಒಳಗೇ ನಿಂತು ಕೂಗಿದ್ಯೋ?"

ಸೋಫಾದಲ್ಲಿದ್ದ ಜಗನ್ನಾಥ ನಕ್ಕ. ಹುಡುಗರು ಸಿನಿಮಾಗಳಿಗೆ ಮಾಡುವಂತೆ ಯಾರೋ ತಮಾಷೆಗೆ ಧ್ವನಿ ಕೂಡಿಸಿದ್ದಾರೆ, ಚೆನ್ನಾಗಿಯೇ ಕೂಡಿಸಿದ್ದಾರೆ, ತನ್ನ ಧ್ವನಿಯನ್ನು ಇಷ್ಟು ಹೋಲುವವನು ಯಾರಿರಬಹುದು ಎಂದು ಒಂದು ಕ್ಷಣ ನಿಜಕ್ಕೂ ಯೋಚಿಸಿದ. ಆಮೇಲೆ ತುಟಿಗಳನ್ನು ನೋಡಿದ. ತುಟಿಗಳು ಅದನ್ನೇ ಹೇಳುತ್ತಿದ್ದವು. ಪರದೆಯಲ್ಲಿ ವಕೀಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, "ಯೆಸ್, ಯುವರ್ ಆನರ್" ಎಂದ. ಅಷ್ಟೇ. ಒಳಗೇ ನಿಂತು ಎಂದು ಅವನು ಹೇಳಲೇ ಇಲ್ಲ. ಇನ್ನೇನನ್ನೂ ಹೇಳಲಿಲ್ಲ. ಪರದೆಯ ಜಗನ್ನಾಥ ಗೆದ್ದವನ ಹಾಗೆ ಹಿಂದಕ್ಕೆ ಒರಗಿದ. ಮತ್ತೆ ಡೊಳ್ಳು ಬಡಿಯಿತು.

ಕೈಯಲ್ಲಿದ್ದ ಲೋಟವನ್ನು ಬಹಳ ಜಾಗರೂಕತೆಯಿಂದ ಮೇಜಿನ ಮೇಲೆ ಇಡಬೇಕು ಎಂದು ಜಗನ್ನಾಥನಿಗೆ ಅನ್ನಿಸಿತು. ಇಟ್ಟ. ಕಿವಿ ಅತಿ ಚುರುಕಾಗಿ ಅಡುಗೆಮನೆಯ ಫ್ರಿಜ್ಜಿನ ಗುಂಯ್ ಸದ್ದನ್ನೂ ಕೇಳುತ್ತಿತ್ತು. ಆ ಪ್ರಶ್ನೆಯನ್ನು ಅವನು ಕೇಳಿದ್ದು ಇಂಗ್ಲಿಷಿನಲ್ಲಿ. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಒಂದೊಂದು ಶಬ್ದವೂ ನೆನಪಿತ್ತು. ವಕೀಲನ ಉತ್ತರವೂ ನೆನಪಿತ್ತು, ಆ ಉತ್ತರದ ಕೊನೆಯಲ್ಲಿ ಅವನ ದನಿ ಇಳಿದದ್ದು ಕೂಡ. ಯಾರು ಯಾರೋ ಸಾಕ್ಷಿಗಳ ನೆನಪನ್ನು ನಂಬಬಹುದೇ ಬಾರದೇ ಎಂದು ಇಪ್ಪತ್ತೆಂಟು ವರ್ಷ ತೂಗಿ ತೀರ್ಪು ಬರೆದವನಿಗೆ ತನ್ನ ನೆನಪನ್ನು ಹಿಡಿದು ನೋಡಲು ಈಗ ಒಂದು ತಕ್ಕಡಿಯೂ ಇರಲಿಲ್ಲ. ಶಿವಪ್ರಸಾದ ಮಾತಾಡುತ್ತಲೇ ಇದ್ದ. ವೇದಿಕೆಯ ಮೇಲೆ ಎರಡು ಮಾತು ಆಡಬೇಕಂತೆ. ಆ ಕ್ಷಣದಲ್ಲಿ ಕನ್ನಡವೇ ಯಾಕೆ ಬೇಕೆನಿಸಿತು ಎಂದು ಮಕ್ಕಳಿಗೆ ಹೇಳಬೇಕಂತೆ. ಆ ವಕೀಲ ಬೆಪ್ಪಾಗಿ ಯೆಸ್ ಯೆಸ್ ಅಂದದ್ದಂತೂ ಸೂಪರ್ರಂತೆ. ಜಗನ್ನಾಥ ನೋಡೋಣ ಎಂದ. ಅಂದದ್ದು ಕನ್ನಡದಲ್ಲೇ ತಾನೆ ಎಂದು ಅನುಮಾನ ಬಂತು, ಕನ್ನಡದಲ್ಲೇ ಅನ್ನಬೇಕಾದ ಜಾಗ ಇದು ಎಂದು ಸಮಾಧಾನವಾಯಿತು, ಆ ಸಮಾಧಾನಕ್ಕೆ ಮತ್ತೆ ಹೆದರಿದ. ತಲೆಯೆತ್ತಿದಾಗ ಆಶಾಲತಾ ಕಂಡಳು. ಅವಳು ಫೋನನ್ನು ನೋಡುತ್ತಿರಲಿಲ್ಲ. ಜ್ವರದ ಮಗುವನ್ನು ತಾಯಿ ವಿವರಿಸುತ್ತಿರುವಾಗ ಡಾಕ್ಟರು ಮಗುವನ್ನೇ ನೋಡುವ ಹಾಗೆ ಅವನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಆ ವಾಕ್ಯ ಅವನದಲ್ಲ. ಅದು ಅವನ ಊರಿನ ಮುನ್ಸೀಫರದು. ಘಟ್ಟದ ಕೆಳಗಿನ ಆ ಸಣ್ಣ ಕೋರ್ಟಿನಲ್ಲಿ ಅಪ್ಪ ಜವಾನನಾಗಿದ್ದ. ಬಿಳಿ ಕೋಟು, ಕೆಂಪು ಪಟ್ಟಿ, ಹಿತ್ತಾಳೆಯ ಬಿಲ್ಲೆ. ಮನೆಯಲ್ಲಿ ತುಳು, ಕೋರ್ಟಿನ ಜಗಲಿಗೆ ಹತ್ತಿದ ಕೂಡಲೇ ಕನ್ನಡ. ಪಾರ್ಟಿಗಳ ಹೆಸರು ಕೂಗುವುದು ಅವನ ಕೆಲಸ. ಜಗಲಿಗೆ ಬಂದು, ಅಂಗಳದ ಕಡೆ ಮುಖ ಮಾಡಿ, ಮೂರು ಸಲ. ಆ ದನಿ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು, ಶಾಲೆಯಲ್ಲಿ ಹುಡುಗರು ಅದನ್ನು ಅಣಕಿಸಿ ಜಗನ್ನಾಥನನ್ನು ಕರೆಯುತ್ತಿದ್ದರು. ಮುಂದೆ ಸೆನೆಟಿನವರೆದುರು ತನ್ನ ನೇಮಕದ ವಿಚಾರಣೆಯಲ್ಲಿ, ನನ್ನ ತಂದೆ ಜೀವನವಿಡೀ ನ್ಯಾಯಾಲಯದ ಸೇವೆ ಮಾಡಿದವರು ಎಂದು ಅವನು ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮರುದಿನ ಊರಿನ ಪತ್ರಿಕೆಯಲ್ಲಿ ವಕೀಲರ ಮಗ ಎಂದು ಬಂದಾಗ, ತಿದ್ದಿ ಬರೆಯಬೇಕೆಂದುಕೊಂಡು, ನಾಳೆ ನಾಳೆ ಎಂದು ಬಿಟ್ಟುಬಿಟ್ಟ. ಅಪ್ಪ ಅಷ್ಟರಲ್ಲಿ ಸತ್ತು ಎಂಟು ವರ್ಷವಾಗಿತ್ತು.

ಆ ವಾಕ್ಯವನ್ನು ಮೊದಲು ಕೇಳಿದಾಗ ಅವನು ಉಡುಪಿಯಲ್ಲಿ ಕಾನೂನು ಓದುತ್ತಿದ್ದ, ಎರಡನೆಯ ವರ್ಷ. ರಜೆಯಲ್ಲಿ ಊರಿಗೆ ಬಂದವನು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಕಲಾಪ ನೋಡುತ್ತಿದ್ದ, ಮಡಿಲಲ್ಲಿ ಒಂದು ನೋಟುಬುಕ್ಕು, ಯಾರಾದರೂ ನೋಡಲಿ ಎಂದೇ. ಅಪ್ಪನ ಕಾಲಿನಲ್ಲಿ ಹುಣ್ಣಾಗಿತ್ತು. ಅಕ್ಕು ಎಂಬ ಮುದುಕಿಯ ಮನೆಜಾಗದ ದಾವೆ ಬಂತು. ಅಪ್ಪ ಎರಡು ಹೆಜ್ಜೆ ಕುಂಟಿ, ಹೊಸಿಲಿನ ಒಳಗೇ ನಿಂತು, ಮೂರು ಸಲ ಕೂಗಿದ. ಕಿಟಕಿಯಿಂದ ಜಗನ್ನಾಥನಿಗೆ ಕಾಣುತ್ತಿತ್ತು: ಅಂಗಳದಾಚೆ ಹುಣಿಸೆಮರದ ಬುಡದಲ್ಲಿ ಅಕ್ಕು ಸೆರಗಿನಲ್ಲಿ ಕಟ್ಟಿ ತಂದ ಅವಲಕ್ಕಿ ತಿನ್ನುತ್ತಿದ್ದಳು. ಅವಳಿಗೆ ಕಿವಿ ಮಂದವೆಂದು ಊರಿಗೇ ಗೊತ್ತು. ಮುನ್ಸೀಫರು ಕನ್ನಡಕದ ಮೇಲಿಂದ ನೋಡಿ ಅಪ್ಪನನ್ನು ಕೇಳಿದರು, ಹೊರಗೆ ಹೋಗಿ ಕೂಗಿದ್ಯೇನೋ, ಇಲ್ಲಾ ಒಳಗೇ ನಿಂತು ಕೂಗಿದ್ಯೋ? ಅಪ್ಪ, ಹೌದು ಸ್ವಾಮಿ ಎಂದ. ಯಾವುದಕ್ಕೆ ಹೌದು? ಮುನ್ಸೀಫರು ಸ್ವಲ್ಪ ನಕ್ಕರು, ಗೈರುಹಾಜರು ಎಂದು ಬರೆದರು, ಮುಂದಿನ ಕೇಸಿಗೆ ಹೋದರು. ಹಿಂದಿನ ಬೆಂಚಿನಲ್ಲಿದ್ದ ಕಾನೂನು ವಿದ್ಯಾರ್ಥಿ ನೋಟುಬುಕ್ಕಿನಲ್ಲಿ ತಾರೀಕು ಬರೆದ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಅಪ್ಪನ ಕೆಲಸ ಹೋಗುತ್ತಿತ್ತು. ಹೇಳದೆ ಇದ್ದದ್ದಕ್ಕೆ ಅಕ್ಕುವಿನ ಮನೆ ಹೋಯಿತು. ಅಪ್ಪ ಅದನ್ನು ಆಮೇಲೆ ಎಂದೂ ಎತ್ತಲಿಲ್ಲ. ಇವನೂ ಎತ್ತಲಿಲ್ಲ. ಅಕ್ಕು ಮಾತ್ರ ಆ ಮೇಲೆ ಕೂಡ ಕೋರ್ಟಿಗೆ ಬಂದು ಅದೇ ಮರದ ಕೆಳಗೆ ಕೂರುತ್ತಿದ್ದಳಂತೆ, ಕರೆಯುತ್ತಾರೆ ಎಂದು.

ಶಿವಪ್ರಸಾದನನ್ನು ಬಾಗಿಲವರೆಗೆ ಕಳಿಸಿ ಬಂದ ಆಶಾಲತಾ ಲೋಟಗಳನ್ನು ಒಂದರೊಳಗೊಂದು ಜೋಡಿಸಿದಳು. ಜಗನ್ನಾಥ ಕೂತಲ್ಲೇ ಇದ್ದ. ನಿನಗೆ ಗೊತ್ತಿತ್ತಾ ಎಂದು ಕೇಳಿದ. ಕೋರ್ಟಿನದ್ದು ಗೊತ್ತಿರಲಿಲ್ಲ ಎಂದಳು. ಹಾಗಾದರೆ ಬೇರೆ ಯಾವುದು ಗೊತ್ತಿತ್ತು? ಅವಳು ಲೋಟಗಳನ್ನು ಮತ್ತೆ ಬಿಡಿಸಿ ಇಟ್ಟಳು. ಏಪ್ರಿಲಿನಲ್ಲಿ ಔಷಧಿ ಅಂಗಡಿಯ ಹುಡುಗಿಯ ಹತ್ತಿರ. ಜೂನಿನಲ್ಲಿ ತೋಟ ನೋಡಿಕೊಳ್ಳುವವನ ಹತ್ತಿರ, ಹತ್ತು ನಿಮಿಷ, ಗುಲಾಬಿ ಗಿಡದ ವಿಷಯ, ಶುದ್ಧ ಕನ್ನಡದಲ್ಲಿ ಮಾತಾಡಿದಿರಿ ಎಂದಳು.

"ಅವನೇನಂದ?"

"ಎಲ್ಲದಕ್ಕೂ ಯೆಸ್ ಸರ್ ಅಂದ ಕಣ್ರೀ. ಗಿಡ ಕಿತ್ತುಹಾಕಿ ಹೋದ."

ಗುಲಾಬಿ ಗಿಡ ಯಾಕೆ ಕಿತ್ತೆ ಎಂದು ಆ ಮನುಷ್ಯನನ್ನು ಮುಂದಿನ ವಾರ ಗದರಿಸಿದ್ದು ಜಗನ್ನಾಥನಿಗೆ ನೆನಪಾಯಿತು. ಅವನು ಟೊಪ್ಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಈಚೆಗೆ ಕಾರು ನಾನೇ ಓಡಿಸುತ್ತೇನೆ ಎಂದು ಆಶಾಲತಾ ಹಟ ಹಿಡಿದದ್ದು, ಡಿನ್ನರುಗಳಿಗೆ ಬೇಡ ಎಂದದ್ದು, ಅಂಗಡಿಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡುತ್ತಿದ್ದದ್ದು, ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಅವನಿಗೆ ಸಿಟ್ಟು ಬಂತು. ಊರಿಗೆಲ್ಲ ಕಾಣುವುದು ತನಗೊಬ್ಬನಿಗೇ ಕಾಣದ ಹಾಗೆ ಮಾಡಿಬಿಟ್ಟಳಲ್ಲ. ನೀನು ಡಾಕ್ಟರು, ನನಗೆ ಹೇಳಲಿಲ್ಲ ಯಾಕೆ ಎಂದ. ಹೊರಗೆ ಪಕ್ಕದ ಮನೆಯವರ ಎಲೆ ಊದುವ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಹೇಳಿದ ದಿನಾನೇ ನೀವು ಕೆಲ್ಸ ಬಿಟ್ಬಿಡ್ತೀರಿ ಅಂತ ಗೊತ್ತಿತ್ತು. ಬಿಟ್ಟ ಮೇಲೆ ಈ ಮನೇಲಿ ಯಾರಿರ್ತಾರೆ ಅಂತ ನಂಗೆ ಭಯ ಆಯ್ತು. ಇನ್ನೊಂದು ತಿಂಗ್ಳು, ಇನ್ನೊಂದು ತಿಂಗ್ಳು ಅಂತ ತಳ್ಳಿದೆ" ಎಂದಳು. ಅವಳ ಕಣ್ಣು ತುಂಬಿತ್ತು. ನಲವತ್ತಮೂರು ವರ್ಷದಲ್ಲಿ ತಾನು ಅವಳಿಗೆ ಜಡ್ಜಲ್ಲದೆ ಬೇರೆ ಯಾರಾಗಿಯೂ ಉಳಿದಿಲ್ಲವೇ ಎಂದು ಅವನಿಗೆ ದಿಗಿಲಾಯಿತು. ಅದನ್ನು ಕೇಳುವ ಧೈರ್ಯ ಬರಲಿಲ್ಲ. ಅವಳ ಕೈ ಹಿಡಿದುಕೊಂಡ. ಮಂಗಳವಾರಕ್ಕೆ ನರರೋಗದ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ ಎಂದು ಅವಳು ಹೇಳಿದಳು. ಸರಿ ಎಂದ.

ಲಾಸ್ಯಾ ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ಓದುವ ಕೋಣೆಯಲ್ಲಿ ಕರಡು ಬಿಚ್ಚಿಟ್ಟು, ಹನ್ನೊಂದನೆಯ ಪುಟಕ್ಕೆ ತಿರುಗಿಸಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಅವಳು ತಪ್ಪಿತಸ್ಥಳಂತೆ ಕೂತದ್ದನ್ನು ನೋಡಿ ಜಗನ್ನಾಥನಿಗೆ ಬೆಳಗಿನ ತನ್ನ ಮುನಿಸು ನೆನಪಾಗಿ ಮುಖ ಬಿಸಿಯಾಯಿತು. ನಾನು ಆ ವಿಡಿಯೊ ತುಣುಕು ನೋಡಿದ್ದೇನೆ ಎಂದ. ಅವಳು ಕಣ್ಣು ಮುಚ್ಚಿ ತೆರೆದಳು. ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಆ ಹೊತ್ತು ಯಾಕೋ ತನ್ನ ಹರುಕುಮುರುಕು ಕನ್ನಡಕ್ಕೆ ಇಳಿದಳು.

"ಜಡ್ಜ್, ಕನ್ನಡ ನಂಗೆ ಅರ್ಥ ಆಗುತ್ತೆ, ಮಾತಾಡಕ್ಕೆ ಬರಲ್ಲ. ಸೋ ಫಸ್ಟ್ ನಾನೇ ತಪ್ಪು ಕೇಳಿಸ್ಕೊಂಡೆ ಅಂದ್ಕೊಂಡೆ. ಆ ರೂಮಲ್ಲಿ ಅರ್ಥ ಆಗಿದ್ದು ನಂಗೊಬ್ಳಿಗೇ."

ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ವಾದ ಮುಗಿದ ಮೇಲೆ ಜಡ್ಜ್ ವಿನ್‌ಸ್ಲೋಳ ಕ್ಲರ್ಕು ಬಂದು, ನಿಮ್ಮ ಜಡ್ಜು ಹೇಳಿದ್ದೇನು ಎಂದು ಕೇಳಿದನಂತೆ. ಇವಳಿಗೆ ಬೆವರು ಬಂತಂತೆ. ಅದು ಇಂಡಿಯಾದ ಹಳೆಯ ನ್ಯಾಯಸೂತ್ರ, ಬೇಕೆಂದೇ ಹೇಳಿದ್ದು ಎಂದುಬಿಟ್ಟಳಂತೆ. ಅದನ್ನು ಕೇಳಿ ಜಡ್ಜ್ ವಿನ್‌ಸ್ಲೋ, ಎಷ್ಟು ಸುಂದರ ಎಂದಳಂತೆ. ಜಗನ್ನಾಥನಿಗೆ ಆ ಹಿಂದಿನ ಕೋಣೆ ಕಣ್ಣಿಗೆ ಬಂತು, ಕಾಗದ ಜೋಡಿಸುತ್ತಿದ್ದ ಅವಳ ಕೈ, ಕಣ್ಣು ತಪ್ಪಿಸಿದ ಇನ್ನೊಬ್ಬ ನ್ಯಾಯಾಧೀಶ. ತಮ್ಮ ಜನದವನೇ ಒಬ್ಬ ವಾದದ ನಡುವೆ ಇದ್ದಕ್ಕಿದ್ದಂತೆ ಯಾರಿಗೂ ತಿಳಿಯದ ಮಾತಾಡಿದ್ದರೆ ಆಗಲೇ ವೈದ್ಯರನ್ನು ಕರೆಸುತ್ತಿದ್ದರು. ಇವನಾಡಿದ್ದು ಇವನ ಸಂಸ್ಕೃತಿಯಾಯಿತು. ಸಂಸ್ಕೃತಿಯನ್ನು ಪ್ರಶ್ನಿಸುವಷ್ಟು ಒರಟರಲ್ಲ ಅವರು. ಕನ್ನಡ ಬಳಗದವರು ಅದಕ್ಕೆ ಪೇಟ ತೊಡಿಸಲು ಹೊರಟಿದ್ದಾರೆ, ಇಲ್ಲಿನವರು ಅದಕ್ಕೆ ತಲೆ ಬಾಗಿದ್ದಾರೆ. ನಡುವೆ ಒಬ್ಬನ ಮಿದುಳು ಕೈಕೊಟ್ಟದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಅವನಿಗೆ ನಗು ಬಂತು, ಕೆಟ್ಟ ನಗು.

ಈಗ ಏನು ಎಂದು ಲಾಸ್ಯಾ ಕೇಳಲಿಲ್ಲ. ಇಬ್ಬರೂ ಕಾನೂನು ಓದಿದವರು, ಏನೆಂದು ಇಬ್ಬರಿಗೂ ಗೊತ್ತು. ಹನ್ನೊಂದನೆಯ ಪುಟವನ್ನು ತೆಗೆದರೆ ತೀರ್ಪೇ ಇಲ್ಲ. ಸರಕಾರ ಒಪ್ಪಿಕೊಂಡಿದೆ ಎಂಬ ಆ ಒಂದು ಗೂಟಕ್ಕೆ ಉಳಿದೆಲ್ಲವನ್ನೂ ಕಟ್ಟಿದೆ. ಗೂಟ ಕಿತ್ತರೆ ಉಳಿದ ಇಬ್ಬರು ಎರಾಸ್ಮೋನ ವಿರುದ್ಧ ಹೋಗುವುದು ಹೆಚ್ಚುಕಡಿಮೆ ಖಚಿತ. ಇನ್ನೊಂದು ದಾರಿ ಅವಳ ಬಾಯಿಂದ ಬರಲು ಹೊತ್ತು ಹಿಡಿಯಿತು. ತುಂಬಿಬಿಡಬಹುದು. ಹದಿನಾಲ್ಕು ನಿಮಿಷ, ಇಪ್ಪತ್ತೆರಡು ಸೆಕೆಂಡು. ಕೇಳಿದ್ದು ನಿಜ, ಯೆಸ್ ಅಂದದ್ದೂ ನಿಜ. ಅರ್ಥವಾಗದ ಪ್ರಶ್ನೆಗೆ ಹೌದೆಂದೆ ಎಂದು ಆ ವಕೀಲ ಸಾಯುವವರೆಗೂ ಯಾರ ಎದುರೂ ಹೇಳಲಾರ. ಎರಾಸ್ಮೋ ಗಿಲ್‌ರಾಯ್‌ನ ಮನೆಯಲ್ಲೇ ಉಳಿಯುತ್ತಾನೆ. ಅವನಿಗೆ ಮೂವರು ಮಕ್ಕಳು. ಮತ್ತು ಪ್ರಶ್ನೆಯೇನೂ ತಪ್ಪಲ್ಲ, ಇಡೀ ಕಡತದಲ್ಲಿ ಯಾರೂ ಕೇಳದಿದ್ದ ಸರಿಯಾದ ಪ್ರಶ್ನೆ ಅದೊಂದೇ ಎಂದು ಲಾಸ್ಯಾ ಹೇಳಿದಳು. ಅವಳಿಗೂ ಆಸೆಯಿತ್ತು.

ಜಗನ್ನಾಥ ಪೆನ್ಸಿಲು ಎತ್ತಿಕೊಂಡ. ಖಾಲಿ ಜಾಗದ ಮೇಲೆ ಅದರ ತುದಿ ಇಟ್ಟ. ನಾಲ್ಕು ಅಂಕಿಗಳು. ಒಬ್ಬ ಮನುಷ್ಯ ಉಳಿಯುತ್ತಾನೆ, ತನ್ನ ಕುರ್ಚಿ ಉಳಿಯುತ್ತದೆ, ರಾಜ್ಯೋತ್ಸವದ ದಿನ ಪೇಟ ತೊಟ್ಟು ಕನ್ನಡವೇ ಯಾಕೆ ಎಂದು ಮಕ್ಕಳಿಗೆ ಎರಡು ಮಾತು ಹೇಳಬಹುದು. ಯಾರಿಗೆ ನಷ್ಟ? ಬರೆಯಬೇಕು ಅನ್ನುವಷ್ಟರಲ್ಲಿ ಮುನ್ಸೀಫರ ಆ ಸಣ್ಣ ನಗು ಕಂಡಿತು. ಅವರಿಗೆ ಗೊತ್ತಿತ್ತು. ಈ ಹೌದು ಯಾವುದಕ್ಕೂ ಉತ್ತರವಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ನಕ್ಕದ್ದು. ನಕ್ಕು ಅದನ್ನೇ ಬರೆದುಕೊಂಡರು, ಯಾಕೆಂದರೆ ಬರೆದುಕೊಳ್ಳಲು ಅದು ಅನುಕೂಲವಾಗಿತ್ತು. ಅವರು ಬರೆದದ್ದು ಅಕ್ಕುವಿನ ವಿರುದ್ಧ, ತಾನು ಬರೆಯುವುದು ಎರಾಸ್ಮೋನ ಪರ. ಅಷ್ಟೇ ವ್ಯತ್ಯಾಸ. ಹಿಂದಿನ ಬೆಂಚಿನಲ್ಲಿ ಎಲ್ಲ ತಿಳಿದೂ ಸುಮ್ಮನೆ ಕೂತವಳು ಈ ಸಲ ಲಾಸ್ಯಾ. ಐವತ್ತು ವರ್ಷ ಆ ತಾರೀಕನ್ನು ಇವಳೂ ಹೊತ್ತು ತಿರುಗಲಿ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಪೆನ್ಸಿಲು ಎತ್ತಿದ. ಕಾಗದದ ಮೇಲೆ ಒಂದು ಚುಕ್ಕೆ ಮಾತ್ರ ಉಳಿಯಿತು.

ಹೊಸ ಹಾಳೆ ಕೊಡು ಎಂದ. ಹೇಳಿ ಬರೆಸುವುದಕ್ಕೆ ಅವನಿಗೆ ಧೈರ್ಯವಿರಲಿಲ್ಲ. ನಾಲಿಗೆಯನ್ನು ನಂಬುವ ಹಾಗಿರಲಿಲ್ಲ. ಕಾಗದದ ಮೇಲಾದರೆ ಅಕ್ಷರ ಕಣ್ಣಿಗೆ ಕಾಣುತ್ತದೆ. ಬರೆದ. ಅರ್ಧ ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಈ ಪೀಠದ ಒಬ್ಬ ನ್ಯಾಯಾಧೀಶ ವಾದದ ಹೊತ್ತಿನಲ್ಲಿ ಕಕ್ಷಿಗಳಿಗೆ ತಿಳಿಯದ ಭಾಷೆಯಲ್ಲಿ, ತನಗೇ ಅರಿವಿಲ್ಲದೆ, ಒಂದು ಪ್ರಶ್ನೆ ಕೇಳಿದ್ದಾನೆ. ಅದಕ್ಕೆ ಬಂದ ಉತ್ತರವನ್ನು ಉತ್ತರವೆಂದು ಗಣಿಸಲಾಗದು. ಆ ನ್ಯಾಯಾಧೀಶ ಈ ಪ್ರಕರಣದಿಂದಲೂ ಪೀಠದಿಂದಲೂ ಹಿಂದೆ ಸರಿಯುತ್ತಿದ್ದಾನೆ. ಹೊಸ ಪೀಠದ ಎದುರು ಮರುವಾದವಾಗಲಿ. ವಾದಕ್ಕೆ ಮೊದಲು ಸರಕಾರ ಕೆಳಗಿನ ಒಂದು ಪ್ರಶ್ನೆಗೆ ಪ್ರಮಾಣ ಮಾಡಿ ಲಿಖಿತ ಉತ್ತರ ಕೊಡಲಿ. ಉಳಿದ ಇಬ್ಬರು ಇದಕ್ಕೆ ಸಹಿ ಹಾಕದೆ ಇರಲಾರರು ಎಂದು ಅವನಿಗೆ ಗೊತ್ತಿತ್ತು. ತೀರಾ ನಾಚಿಕೆಯ ವಿಷಯಗಳಿಗೆ ಅವರು ಬೇಗ ಸಹಿ ಹಾಕುತ್ತಾರೆ. ಎರಾಸ್ಮೋ ಗೆಲ್ಲುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಪ್ರಶ್ನೆಯಾದರೂ ಅವನ ಜೊತೆ ಹೋಗುತ್ತದೆ.

ಬರೆದದ್ದನ್ನು ಎರಡು ಸಲ ನೋಡಿದ. ಎಲ್ಲ ಇಂಗ್ಲಿಷ್ ಅಕ್ಷರಗಳೇ, ಸಾಲಾಗಿ, ತನ್ನ ಎಂದಿನ ಓರೆ ಬರಹದಲ್ಲಿ. ಜೀವ ಬಂದಂತಾಯಿತು. ಜೋರಾಗಿ ಓದುತ್ತೇನೆ, ನಡುವೆ ಎಲ್ಲಾದರೂ ಭಾಷೆ ಜಾರಿದರೆ ಕೈ ಎತ್ತು ಎಂದು ಲಾಸ್ಯಾಳಿಗೆ ಹೇಳಿ ಓದತೊಡಗಿದ. ಒಂದೊಂದು ಸಾಲಿನ ಕೊನೆಗೂ ತಲೆಯೆತ್ತಿ ನೋಡಿದ. ಅವಳ ಕೈ ಮಡಿಲಲ್ಲೇ ಇತ್ತು. ಬಾಗಿಲಲ್ಲಿ ಆಶಾಲತಾ ಬಂದು ನಿಂತಿದ್ದಳು. ಅವನ ದನಿಗೆ ಹಳೆಯ ಗಟ್ಟಿತನ ಬಂತು. ಕೊನೆಯ ಪ್ರಶ್ನೆಗೆ ಬಂದಾಗ ತಲೆಯೆತ್ತುವ ಅಗತ್ಯ ಕಾಣಲಿಲ್ಲ. ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ, ಸ್ಪಷ್ಟವಾಗಿ ಓದಿ ಮುಗಿಸಿ, ಹೇಗಿದೆ ಎಂದು ನೋಡಿದ.

ಲಾಸ್ಯಾಳ ಕೈ ಮೇಲಿತ್ತು. ಅವಳ ಕೆನ್ನೆ ಒದ್ದೆಯಾಗಿತ್ತು, ಆದರೆ ಕೈಯನ್ನು ಅವಳು ಇಳಿಸಲಿಲ್ಲ.

ಜಗನ್ನಾಥ ಹಾಳೆಯನ್ನು ಮತ್ತೊಮ್ಮೆ ನೋಡಿದ. ಇಂಗ್ಲಿಷೇ. ಕಣ್ಣು ಓದಿದ್ದು ಒಂದು, ಬಾಯಿ ಆಡಿದ್ದು ಇನ್ನೊಂದು. ಎಲ್ಲಿಂದ ಎಂದು ಕೇಳಿದ. ಕ್ವೆಶ್ಚನ್ ಒಂದೇ ಜಡ್ಜ್, ಉಳಿದಿದ್ದೆಲ್ಲ ಸರಿ ಇತ್ತು ಎಂದಳು. ಅವನು ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. ಹಾಗಾದರೆ ಅದನ್ನು ನೀನು ಓದು ಎಂದ. ಲಾಸ್ಯಾ ಕಣ್ಣು ಒರೆಸಿಕೊಂಡು, ಎದ್ದು ನಿಂತು, ಕೋರ್ಟಿನಲ್ಲಿ ಓದುವಂತೆ ಓದಿದಳು: ಹೆಸರು ಕೂಗಿದವರು ಹೊರಗೆ ಹೋಗಿ ಕೂಗಿದರೋ, ಒಳಗೇ ನಿಂತು ಕೂಗಿದರೋ? ಅವಳ ಇಂಗ್ಲಿಷಿನಲ್ಲಿ ಆ ಏಕವಚನವಿರಲಿಲ್ಲ, ಮರ್ಯಾದೆಯಿತ್ತು, ಅದು ಯಾರನ್ನೂ ಗದರಿಸುತ್ತಿರಲಿಲ್ಲ. ಜಗನ್ನಾಥ ಐವತ್ತು ವರ್ಷಗಳ ಮೇಲೆ ಮತ್ತೊಮ್ಮೆ ಆ ಪ್ರಶ್ನೆಯನ್ನು ಪೀಠದ ಕೆಳಗೆ ಕೂತು ಕೇಳಿಸಿಕೊಂಡ. ಎರಡೂ ಕೈ ಊರಿ ಕುರ್ಚಿಯಿಂದ ಎದ್ದು ನಿಂತ.

"ಒಳಗೇ ನಿಂತು ಕೂಗಿದ್ದು ಸ್ವಾಮಿ" ಎಂದ. "ನಾನು ನೋಡಿದ್ದೇನೆ."

ಯಾವ ಭಾಷೆಯಲ್ಲಿ ಅಂದೆ ಎಂದು ತಿಳಿಯಲು ಅವನು ಲಾಸ್ಯಾಳ ಕೈಯ ಕಡೆ ನೋಡಲಿಲ್ಲ.